ಪೆಟ್ರೋಲ್ ಕುಡಿಯದ ಕಾರು

ಹೇಳಿದರೆ ನೀವು ನಂಬುವುದಿಲ್ಲ, ನಮ್ಮ ಲೆಕ್ಕದ ಮೇಷ್ಟ್ರು ಯಾರ ಕಾರನ್ನಾದರೂ ಬರಿಗಾಲಲ್ಲೇ ಓಡಿಸುತ್ತಿದ್ದರು. "ಪೆಟ್ರೋಲ್ ಕುಡಿಯೋದು ಕಾರಲ್ಲ ಕಣ್ಲಾ, ಕಾಲು" ಅನ್ನುತ್ತಿದ್ದರು. ಗೇರನ್ನು ಮಲಗಿದ ಮಗುವಿನ ತಲೆ ಸರಿಸಿದಂತೆ ಬದಲಿಸುತ್ತಿದ್ದರು.

ದಿನಾ ಮಧುಗಿರಿಯಿಂದ ಬಡವನಹಳ್ಳಿ ಶಾಲೆಗೆ ಹೋಗಲು ಹಳೆಯದೊಂದು ಪುಟ್ಟ ಕಾರು ನೋಡಿದರು. ಒಂದು ಲೀಟರಿನಲ್ಲಿ ಹೋಗಿಬಂದರೆ ಮಾತ್ರ ಕೊಳ್ಳುವುದೆಂದು, ಖಾಲಿ ಟ್ಯಾಂಕಿಗೆ ಹಾಲಿನ ಅಳತೆಯಲ್ಲೇ ಒಂದೇ ಲೀಟರ್ ಪೆಟ್ರೋಲ್ ಹಾಕಿ, ನನ್ನನ್ನೂ ಕೂರಿಸಿಕೊಂಡು ಹೊರಟರು. ನಾನೂ ಅದೇ ಶಾಲೆಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವವನು; ಮೇಷ್ಟ್ರು ಕಾರು ಕೊಂಡರೆ ನನಗೂ ಒಂದು ಸೀಟು. ಅದಕ್ಕೇ ಬಡವನಹಳ್ಳಿಯಲ್ಲಿ ಅವರು ಟೀ ಕುಡಿಯುವಾಗ, ಬಾಟಲಿಯಲ್ಲಿ ಬಚ್ಚಿಟ್ಟು ತಂದಿದ್ದ ಪೆಟ್ರೋಲನ್ನು ಟ್ಯಾಂಕಿಗೆ ಸುರಿದುಬಿಟ್ಟೆ.

ಮಧುಗಿರಿಗೆ ವಾಪಸ್ ಬಂದರೂ ಪೆಟ್ರೋಲ್ ಮುಗಿದು ಕಾರು ನಿಲ್ಲಲಿಲ್ಲ. "ಇದು ಕಾರಲ್ಲ ಕಣ್ಲಾ, ಒಂಟೆ" ಎಂದು ಮೇಷ್ಟ್ರು ಸ್ಟೀರಿಂಗಿಗೆ ಕೈಮುಗಿದರು.

ಅಷ್ಟರಲ್ಲಿ ಅಪ್ಪ ಸ್ಕೂಟರ್ ತಳ್ಳಿಕೊಂಡು ಬಂದ. "ಮೇಷ್ಟ್ರೇ, ನನ್ ಪೆಟ್ರೋಲೆಲ್ಲಾ ಬಾಟ್ಲಿಗೆ ಬಗ್ಗಿಸ್ಕೊಂಡು ಇವ್ನು ನಿಮ್ ಜೊತೆ ಎಲ್ಲಿಗ್ ಬಂದಿದ್ದ?"