ಕ್ಷಿಪಣಿಯ ಬಳೆ

ಬೆಳಿಗ್ಗೆ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಸಿಂಬಿಯ ಮೇಲೆ ಇಡುತ್ತಿದ್ದೆ. ನಡುಮನೆಯಲ್ಲಿ ಟೀವಿಯ ಮುಂದೆ ಕೂತಿದ್ದ ಅಮ್ಮ ಅಲ್ಲಿಂದಲೇ ಕೂಗಿದಳು: "ಲೇ, ನಿಮ್ ಬಾಣ ಹಾರ್ತಂತೆ ಕಣೇ! ಬಂದ್ ನೋಡು ಬೇಗ!"

ನಿಮ್ಮ ಬಾಣ ಎಂದರೆ ನಮ್ಮ ದೇಶದವರೇ ಮಾಡಿದ ದೂರಗಾಮಿ ಕ್ಷಿಪಣಿ. ಪೂರ್ವ ಕರಾವಳಿಯಿಂದ ಪರೀಕ್ಷೆಗೆಂದು ಹಾರಿಸಿದ್ದರು. ಅದು ಸಮುದ್ರದ ಮೇಲೆ ಎಲ್ಲಿಯವರೆಗೋ ಹೋಗಿ, ಇಟ್ಟ ಗುರಿಯಲ್ಲೇ ಬಿದ್ದಿತ್ತು. ಸೌಟು ಹಿಡಿದುಕೊಂಡೇ ಓಡಿದೆ. ಬೆಂಕಿ, ಹೊಗೆ, ಆಮೇಲೆ ಕೊಠಡಿಯೊಂದರಲ್ಲಿ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದ ಜನ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಆದರೆ ಅಡುಗೆಮನೆಗೆ ವಾಪಸ್ ಬಂದಾಗ ಪಾತ್ರೆಯ ಕೆಳಗಿನ ಸಿಂಬಿ ಕಣ್ಣಿಗೆ ಬಿತ್ತು.

ಈ ಸಿಂಬಿ ಹುಲ್ಲಿನದಲ್ಲ, ಬಟ್ಟೆಯದೂ ಅಲ್ಲ. ಊಟದ ತಟ್ಟೆಯಷ್ಟು ಅಗಲದ ಅಲ್ಯೂಮಿನಿಯಂ ಬಳೆ. ಒಂದು ಕಡೆ ಗರಗಸದಿಂದ ಅರ್ಧದವರೆಗೆ ಕೊಯ್ದ ಗಾಯವಿದೆ. ಮನೆಗೆ ಬಂದ ಹೆಂಗಸರು "ಸೀಳಿರೋದನ್ನ ಯಾಕ್ರೀ ಇಟ್ಕೊಂಡಿದೀರಾ, ಒಳ್ಳೇದಲ್ಲ" ಎನ್ನುತ್ತಾರೆ. ನಾನು ಮಾತು ಮರೆಸಿ ಕಾಫಿ ಕೊಡುತ್ತೇನೆ. ಇವತ್ತು ಮರೆಸಲು ಮನಸ್ಸಿಲ್ಲ. ಏಕೆಂದರೆ ನನ್ನ ಕೆಲಸದ ಬ್ಯಾಗಿನಲ್ಲಿ ಒಂದು ವರದಿ ಕೂತಿದೆ. ನಾನೀಗ ದೇವನಹಳ್ಳಿ ಕಡೆಯ ದೊಡ್ಡ ಕಾರ್ಖಾನೆಯೊಂದರಲ್ಲಿ ತಪಾಸಣೆ ವಿಭಾಗದ ಮುಖ್ಯಸ್ಥೆ. ನಮ್ಮ ಮಂಜುಳಾ, ಹತ್ತು ವರ್ಷದಿಂದ ನನ್ನ ಜೊತೆ ಇರುವವಳು, ಹೋದ ವಾರ ಅಳೆದು ಮುದ್ರೆ ಹಾಕಿದ ಭಾಗಗಳು ಅಳತೆ ತಪ್ಪಿವೆಯೆಂದು ನಿನ್ನೆ ವಾಪಸ್ ಬಂದವು. ತಪ್ಪು ಯಾರದೆಂದು ಬರೆದುಕೊಡಬೇಕಾದವಳು ನಾನು. ಮಂಜುಳಾ ಎಂದು ಬರೆದಾಗಿದೆ. ಸಹಿ ಮಾತ್ರ ಬಾಕಿ.

ಸಿಂಬಿಯ ಕಥೆಗೆ ಇಪ್ಪತ್ತು ವರ್ಷ ಹಿಂದಕ್ಕೆ ಬರಬೇಕು ನೀವು. ಆಗ ನಾನು ದೊಡ್ಡಬೆಳವಂಗಲದಿಂದ ದೊಡ್ಡಬಳ್ಳಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಕೈಯಲ್ಲಿ ಡಿಪ್ಲೊಮಾ ಇತ್ತು, ತಲೆಯಲ್ಲಿ ಅದಕ್ಕಿಂತ ದೊಡ್ಡ ಡಿಪ್ಲೊಮಾ ಇತ್ತು. ಕೈಗಾರಿಕಾ ಪ್ರದೇಶದ ಮೂಲೆಯಲ್ಲಿ ತಗಡಿನ ಶೆಡ್ಡೊಂದು. ಮೂರು ಲೇತು, ಏಳು ಜನ. ಮಾಲೀಕರು ರಾಜಣ್ಣ. ಹೆಸರಿಗೆ ನಾನು ಅಲ್ಲಿ ತಪಾಸಣೆಯವಳು, ಅಂದರೆ ಬೇರೆಯವರು ಮಾಡಿದ್ದನ್ನು ಅಳೆದು ಸರಿ ತಪ್ಪು ಹೇಳುವವಳು. ಬೇರೆಯವರ ತಪ್ಪು ಹೇಳುವ ಕೆಲಸಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದು ತಿಳಿದಾಗ ಅಮ್ಮ, "ಇಷ್ಟ್ ದಿನ ಮನೇಲಿ ಪುಕ್ಸಟ್ಟೆ ಮಾಡ್ತಿದ್ದೆಯಲ್ಲೇ" ಎಂದಿದ್ದಳು.

ಆ ಶೆಡ್ಡಿನ ಜೀವ ದಸ್ತಗೀರ್ ಚಾಚಾ. ಊರಿನ ಹಳೆಯ ಲೇತ್ ಕೆಲಸಗಾರ, ಆಗಲೇ ಐವತ್ತೈದು ದಾಟಿದ್ದರು. ದಪ್ಪ ಕನ್ನಡಕ, ಕಿವಿಯ ಸಂದಿಯಲ್ಲಿ ಸದಾ ಒಂದು ಪೆನ್ಸಿಲ್ಲು. ಕೆಲಸ ಶುರುಮಾಡುವ ಮೊದಲು ಲೋಹವನ್ನು ಅಂಗೈಯಿಂದ ಸವರುತ್ತಿದ್ದರು. ಹಸು ಕೊಳ್ಳುವಾಗ ನಮ್ಮಪ್ಪ ಹಾಗೆ ಬೆನ್ನು ಸವರುತ್ತಿದ್ದುದು ನನಗೆ ನೆನಪಾಗುತ್ತಿತ್ತು.

ಒಂದು ದಿನ ನಮ್ಮ ಶೆಡ್ಡಿಗೆ ಈ ಬಳೆಗಳ ಕೆಲಸ ಬಂತು. ಏತಕ್ಕೆಂದು ಯಾರೂ ಹೇಳಲಿಲ್ಲ. ನಕ್ಷೆಯ ಮೇಲೆ ಬರೀ ಸಂಖ್ಯೆ. ಲೋಹವನ್ನು ಕೆಲಸ ಕೊಟ್ಟವರೇ ಕೊಟ್ಟಿದ್ದರು, ಎಣಿಸಿ. ಚಾಚಾ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದು ಮೇಲಕ್ ಹೋಗೋ ಮಾಲು ಬೇಟಾ" ಎಂದರು. ಅವರು ಹೇಳಿದರೆ ಹೇಳಿದ್ದೇ. ಅವತ್ತು ಚಹಾದ ಹೊತ್ತಿನಲ್ಲಿ ತಮ್ಮ ಕಾಲದ ಮಾತು ತೆಗೆದರು. ಹೊರದೇಶದವರು ಕ್ಷಿಪಣಿಗೆ ಬೇಕಾದ ಯಂತ್ರವನ್ನೂ ಕೊಡುತ್ತಿರಲಿಲ್ಲ, ವಿದ್ಯೆಯನ್ನೂ ಕೊಡುತ್ತಿರಲಿಲ್ಲವಂತೆ. ನಮ್ಮವರು ಹಾರಿಸಿದ್ದು ನೀರಿಗೆ ಬಿತ್ತು ಎಂದು ರೇಡಿಯೊದಲ್ಲಿ ಬಂದ ದಿನ ಜೊತೆಯವರೆಲ್ಲ ಬೀಡಿ ಹಚ್ಚಿಕೊಂಡು ನಗಾಡಿದರಂತೆ. "ನಾನ್ ಎದ್ದು ಲೇತಿಗೆ ಎಣ್ಣೆ ಬಿಟ್ಟೆ. ಬಿದ್ದಿದ್ದು ಅದು, ನಾವಲ್ಲ. ನಾಳೆ ಮತ್ತೆ ಮಾಡ್ಬೇಕಲ್ಲ?" ಎಂದರು. ಹಾಗೆ ಮತ್ತೆ ಮತ್ತೆ ಮಾಡಿಯೇ ಮೊದಲು ನೆರೆರಾಜ್ಯದಷ್ಟು ದೂರ, ಆಮೇಲೆ ದೇಶದ ಆ ತುದಿಯಷ್ಟು, ಈಗ ಸಮುದ್ರಗಳನ್ನೇ ದಾಟುವಷ್ಟು ದೂರ ಹೋಗಿದ್ದೇವೆ. ಪತ್ರಿಕೆಯವರು ದೂರವನ್ನು ಬರೆಯುತ್ತಾರೆ. ನಮ್ಮಂಥವರಿಗೆ ಗೊತ್ತಿರುವುದು ಹತ್ತಿರದ ಅಳತೆ, ಕೂದಲೆಳೆಯದು.

ಮನೆಗೆ ಹೋಗಿ ಜಂಬ ಕೊಚ್ಚಿಕೊಂಡೆ. ಅಮ್ಮ ಮುದ್ದೆ ಕಟ್ಟುತ್ತಾ, "ಅದು ಯಾರ್ ತಲೆ ಮೇಲೆ ಬೀಳುತ್ತೆ?" ಎಂದು ಕೇಳಿದಳು. ಮಾರನೆಯ ದಿನ ಚಾಚಾನಿಗೆ ಹೇಳಿದೆ. ಅವರು ನಕ್ಕು, "ರಾಗಿ ಹೊಲದಾಗೆ ಬೆದರುಬೊಂಬೆ ನಿಲ್ಸೋದು ಹಕ್ಕಿ ಕೊಲ್ಲೋಕಲ್ಲ ಅಂತ ಹೇಳು" ಎಂದರು. ಹೇಳಿದೆ. "ಬೆದರುಬೊಂಬೆ ಊರು ಸುಡಲ್ವಲ್ಲ" ಎಂದಳು ಅಮ್ಮ.

ಇರಲಿ, ತಪ್ಪಿನ ವಿಷಯಕ್ಕೆ ಬರುತ್ತೇನೆ. ಮೊದಲು ಸಾಮಾನ್ಯ ಅಲ್ಯೂಮಿನಿಯಂನಲ್ಲಿ ಒಂದು ಬಳೆ ಮಾಡಿ ನೋಡಿದೆವು. ಸರಿಬಂತು ಎಂದುಕೊಂಡು ಅವರು ಕೊಟ್ಟ ಲೋಹಕ್ಕೆ ಕೈಹಾಕಿದೆವು. ಏಪ್ರಿಲ್ ತಿಂಗಳು, ಮಧ್ಯಾಹ್ನ ಮೂರು ಗಂಟೆ, ತಗಡಿನ ಶೆಡ್ಡು ಕಾದ ಹೆಂಚಾಗಿತ್ತು. ಚಾಚಾ ಆರು ಬಳೆಗಳಲ್ಲೂ ಕೊನೆಯ ಅಳತೆಗೆ ಒಂದಿಷ್ಟು ಉಳಿಸಿಕೊಂಡು ನಿಲ್ಲಿಸಿದರು. "ಇವತ್ ಬೇಡ. ತಣ್ಣಗಾಗ್ಲಿ, ಬೆಳಿಗ್ಗೆ ನೋಡಾಣ." ನನಗೆ ನಾಲ್ಕೂವರೆಯ ಬಸ್ಸು ಹಿಡಿಯಬೇಕಿತ್ತು, ಮಾರನೆಯ ದಿನ ಬೆಳಿಗ್ಗೆ ಮಾಲು ಹೊರಡಬೇಕಿತ್ತು. ಅಳೆದೆ. "ಇನ್ನೂ ಒಂದೆಳೆ ದಪ್ಪ ಇದೆ ಚಾಚಾ, ತೆಗೀರಿ" ಎಂದೆ. ಅವರು ನನ್ನ ಮುಖ ನೋಡಿದರು. "ಅಳತೆ ನೋಡೋಳು ನಾನಲ್ವಾ?" ಎಂದೂ ಹೇಳಿದೆ, ನಾಲಿಗೆ ಬಿದ್ದುಹೋಗ. ಅವರು ಲೇತಿಗೆ ತಿರುಗಿದರು. ಹಾಗೆ ಒಂದರ ಹಿಂದೆ ಒಂದು ಆರೂ ಬಳೆಗಳು.

ಬಿಸಿಗೆ ಲೋಹ ಹಿಗ್ಗುತ್ತದೆ ಎಂಬುದನ್ನು ಹೈಸ್ಕೂಲಿನಲ್ಲೇ ಉರುಹೊಡೆದವಳು ನಾನು. ಶಿವಗಂಗೆಯಲ್ಲಿ ಲಿಂಗಕ್ಕೆ ಸವರಿದ ತುಪ್ಪ ಬೆಣ್ಣೆಯಾಗುವುದನ್ನು ನೋಡಿ ಕೈಮುಗಿದು, ದೇವರ ಪವಾಡವೋ ಬಂಡೆಯ ತಂಪೋ ಎಂದು ಮನೆಯವರ ಜೊತೆ ದಾರಿಯುದ್ದಕ್ಕೂ ವಾದ ಮಾಡಿದವಳು. ಅಷ್ಟು ಬುದ್ಧಿವಂತೆಗೆ ಕಾದ ಬಳೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ ಎಂಬುದು ಹೊಳೆಯಲಿಲ್ಲ. ಓದಿದ್ದು ಒಂದು ಕಡೆ, ಕೈ ಇನ್ನೊಂದು ಕಡೆ. ಲೋಹದಿಂದ ತೆಗೆಯಬಹುದು, ತೆಗೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಕೆಲಸ ಕೊಟ್ಟವರು ಅಳೆಯುವ ತಂಪು ಕೋಣೆಯಲ್ಲಿ ಆರೂ ಬಳೆಗಳು ಕೂದಲೆಳೆಯಷ್ಟು ಚಿಕ್ಕದಾಗಿ ಕಂಡವು. ಎಲ್ಲವೂ ರಿಜೆಕ್ಟ್. ಕಾಗದ ಓದಿದ ರಾಜಣ್ಣನವರ ಮುಖ ಕಪ್ಪಿಟ್ಟಿತು. "ಚಾಚಾಗೆ ಕಣ್ ಸರಿ ಇಲ್ಲ. ಉಳಿದಿರೋ ಲೋಹ ಇನ್ನೊಂದೇ ಸಲಕ್ಕೆ ಆಗೋದು. ಸೋಮವಾರದಿಂದ ಆ ಲೇತಿಗೆ ಬೇರೆಯವ್ನು ಬರ್ತಾನೆ" ಎಂದರು. ಚಾಚಾ ಕನ್ನಡಕ ತೆಗೆದು ಒರೆಸಿಕೊಂಡರು. ತೆಗೀರಿ ಅಂದವಳು ನಾನೇ ಎಂದು ಎರಡು ದಿನ ನಾನು ಹೇಳಲಿಲ್ಲ. ಆ ಎರಡು ದಿನ ಚಾಚಾ ತಮ್ಮ ಉಳಿಗಳನ್ನೆಲ್ಲ ಒಂದೊಂದಾಗಿ ಸಾಣೆ ಹಿಡಿದು, ಬರುವವನಿಗೆ ಕೈಗೆ ಸಿಗುವಂತೆ ಜೋಡಿಸಿಟ್ಟರು.

ಆ ಜೋಡಿಸಿಟ್ಟ ಉಳಿಗಳನ್ನು ನೋಡಲಾಗಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಮೂರಕ್ಕೆ, ಆ ಮೊದಲ ಬಳೆಯನ್ನು, ಸಾಮಾನ್ಯ ಅಲ್ಯೂಮಿನಿಯಂನದನ್ನು, ರಾಜಣ್ಣನವರ ಎದುರಿಗೆ ಅಳೆದೆ. ನಕ್ಷೆಯಲ್ಲಿದ್ದಷ್ಟೇ ಇತ್ತು. "ನಾಳೆ ಬೆಳಕು ಹರಿಯೋ ಹೊತ್ತಿಗೆ ಇದನ್ನೇ ಮತ್ತೆ ಅಳೀತೀನಿ ಸಾರ್, ನೀವೂ ಬನ್ನಿ" ಎಂದೆ. ಮಾರನೆಯ ದಿನ ಹಾಲಿನ ವ್ಯಾನು ಹತ್ತಿ ಬಂದೆ. ಅದೇ ಬಳೆ, ಅದೇ ಮೈಕ್ರೋಮೀಟರ್. ಚಿಕ್ಕದಾಗಿತ್ತು. ರಾಜಣ್ಣ ತಾವೇ ಎರಡು ಸಲ ಅಳೆದರು.

"ಅವತ್ತು ಬಿಸೀಲಿ ಅಳೆದಿದ್ದು ಯಾರು?"

"ನಾನೇ ಸಾರ್. ಚಾಚಾ ಬೇಡ ಅಂದ್ರು. ನಾನೇ ತೆಗೀರಿ ಅಂದೆ."

ಕೆಲಸ ಹೋಯಿತು ಎಂದುಕೊಂಡೆ. ಅವರು ಬಹಳ ಹೊತ್ತು ಬಳೆಯನ್ನೇ ತಿರುಗಿಸುತ್ತಿದ್ದು, "ಬರೋವ್ನಿಗೆ ಬೇಡ ಅಂತ ಫೋನ್ ಮಾಡ್ತೀನಿ" ಎಂದು ಎದ್ದುಹೋದರು. ಚಾಚಾ ಬಂದ ಮೇಲೆ ನನ್ನ ಕೈಗೆ ಗರಗಸ ಕೊಟ್ಟರು. ಅವರು ಕೆಲಸ ಕಲಿತ ಶೆಡ್ಡುಗಳ ಹಳೆಯ ಪದ್ಧತಿ ಅದು: ಕೆಟ್ಟ ಮಾಲು ಒಳ್ಳೆಯದರ ಜೊತೆ ಸೇರದಂತೆ ಕೆಡಿಸಿದವರೇ ಅದನ್ನು ಕೊಯ್ಯಬೇಕು. ಆರು ಬಳೆಗಳು ಲೋಹ ಕೊಟ್ಟವರ ಬಳಿಯೇ ಉಳಿದಿದ್ದವು. ಅವುಗಳ ಬದಲಿಗೆ ಆ ಮೊದಲ ಬಳೆ, ಈಗಿನ ನನ್ನ ಸಿಂಬಿ. ಕಣ್ಣೊರೆಸಿಕೊಳ್ಳುತ್ತಾ ಕೊಯ್ದೆ. ಅರ್ಧಕ್ಕೆ ಬಂದಾಗ ಚಾಚಾ ನನ್ನ ಕೈ ಹಿಡಿದು, "ಬಸ್, ಸಾಕು" ಎಂದರು. ಪಾಪ ಎನಿಸಿರಬೇಕು ಎಂದುಕೊಂಡೆ.

ಆಮೇಲಿನ ಮೂರು ವಾರ ನಮ್ಮ ಹಟ ನೀವು ನೋಡಬೇಕಿತ್ತು. ತಂಪು ಕೋಣೆ ಕಟ್ಟಿಸುವ ಶಕ್ತಿ ನಮಗಿರಲಿಲ್ಲ. ಆದರೆ ನಮ್ಮ ಸೀಮೆಯ ಬೆಳಗು ಇತ್ತು. ಅಳತೆಗೆ ಬೇಕಾದದ್ದು ಇಪ್ಪತ್ತು ಡಿಗ್ರಿ. ದೊಡ್ಡಬಳ್ಳಾಪುರದ ಮುಂಜಾನೆ ಅದನ್ನು ಹೆಚ್ಚು ಕಡಿಮೆ ಪುಕ್ಕಟೆ ಕೊಡುತ್ತಿತ್ತು. ಹಿಂದಿನ ದಿನದ ಬಳೆಗಳನ್ನು ಕಲ್ಲುಚಪ್ಪಡಿಯ ಮೇಲೆ ಮಲಗಿಸಿ ಹೋಗುವುದು, ನಾನು ಹಾಲಿನ ವ್ಯಾನಿನಲ್ಲಿ, ಚಾಚಾ ಸೈಕಲ್ಲಿನಲ್ಲಿ ಮಂಕಿ ಟೋಪಿ ಹಾಕಿಕೊಂಡು ಬರುವುದು, ಗೋಡೆಯ ಥರ್ಮಾಮೀಟರನ್ನು ನೋಡುತ್ತಾ ನಿಲ್ಲುವುದು. ಇಪ್ಪತ್ತಕ್ಕೆ ಬಂದಾಗ ಚಾಚಾ "ಹ್ಞೂಂ" ಎನ್ನುತ್ತಿದ್ದರು, ನಾನು ಅಳೆಯುತ್ತಿದ್ದೆ. ಬಿಸಿಲು ತಗಡಿಗೆ ಬಿದ್ದರೆ ಅವತ್ತಿಗೆ ಮುಗಿಯಿತು. ಹೀಗೆ ದಿನಕ್ಕೊಂದು, ಕೆಲವು ದಿನ ಒಂದೂ ಇಲ್ಲ. ಹೊಸ ಆರೂ ಬಳೆಗಳು ಪಾಸಾದವು.

ಇವತ್ತು ಆ ಸಿಂಬಿಯ ಮೇಲೆ ಸಾರು ತಣ್ಣಗಾಗುತ್ತಿತ್ತು. ನಾನು ಚಾಚಾನಿಗೆ ಫೋನ್ ಮಾಡಿದೆ. ಈಗ ಅವರಿಗೆ ಕಣ್ಣು ಪೂರ್ತಿ ಮಂಜು.

"ಸೊಸೆ ಹೇಳಿದ್ಲು ಬೇಟಾ. ಹೋಯ್ತಂತೆ, ನೆಟ್ಟಗೆ!" ಎಂದರು.

"ನಮ್ ಬಳೆ ಅದ್ರಲ್ಲಿ ಇರುತ್ತಾ ಚಾಚಾ?"

"ಇಷ್ಟ್ ವರ್ಷ ಆಯ್ತು, ಎಲ್ಲಾ ಬದಲಾಗಿರುತ್ತೆ. ಇಲ್ದಿದ್ರೇನು, ಅದ್ರ ಮೊಮ್ಮಕ್ಕಳಿರುತ್ತೆ."

ನಾನು ಸಿಂಬಿಯ ವಿಷಯ ಎತ್ತಿದೆ. ಇನ್ನೂ ಇದೆ, ದಿನಾ ನೋಡುತ್ತೇನೆ, ನಿಮಗೆ ಅವತ್ತು ನಾನು ಮಾಡಿದ ಅನ್ಯಾಯ ದಿನಾ ನೆನಪಾಗುತ್ತದೆ ಎಂದೆ.

"ಅವತ್ ನಿನ್ ಗರಗಸ ಅರ್ಧಕ್ಕೆ ಯಾಕ್ ನಿಲ್ಸ್ದೆ ಗೊತ್ತಾ ನಿಂಗೆ?"

"ನಾನು ಅಳ್ತಿದ್ದೆ ಅಂತ."

"ಅಲ್ಲ. ಬಳೆ ಬಿಸಿ ಇದೆ ಅಂತ ನನ್ ಕೈಗೆ ಗೊತ್ತಿತ್ತು. ಮೂವತ್ತು ವರ್ಷದ ಕೈ ಅದು. ನೀನ್ ಅಂದ ಮಾತಿಗೆ ಸಿಟ್ ಬಂತು, ಅನುಭವಿಸ್ಲಿ ಅಂತ ತೆಗೆದ್ಬಿಟ್ಟೆ. ಆರನ್ನೂ. ಕೊಯ್ಯೋಕೆ ಉಳಿದರ್ಧ ನಂದು ಬೇಟಾ. ಹೇಳೋಕೆ ಬಾಯಿ ಬರ್ಲಿಲ್ಲ."

ಫೋನು ಇಟ್ಟು ಕೆಲಸದ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡೆ. ಹೋದ ವಾರ ಮಂಜುಳಾ ಅಳೆಯುತ್ತಿದ್ದಾಗ ತಪಾಸಣಾ ಕೋಣೆಯ ಬಾಗಿಲಲ್ಲಿ ನಿಂತಿದ್ದವಳು ನಾನು. ಭಾಗಗಳು ಆಗಷ್ಟೇ ಬಿಸಿನೀರಿನಲ್ಲಿ ತೊಳೆದು ಬಂದಿದ್ದವು. "ನಾಳೆ ಬೆಳಿಗ್ಗೆ ನೋಡ್ಲಾ ಮೇಡಂ?" ಎಂದು ಅವಳು ಕೇಳಿದ್ದಳು. "ಲಾರಿ ನಿಂತಿದೆ ಕಣಮ್ಮ, ಎಷ್ಟೊತ್ತು?" ಎಂದಿದ್ದೆ ನಾನು. ನಿನ್ನೆ ವರದಿ ಬರೆಯುವಾಗ ಅದು ನೆನಪಿರಲಿಲ್ಲವೇ? ಇತ್ತು.

ಅಮ್ಮ ತಿಂಡಿಗೆ ಕೂಗುತ್ತಿದ್ದಳು. ಬ್ಯಾಗಿನಿಂದ ವರದಿ ತೆಗೆದು, ಮಂಜುಳಾಳ ಹೆಸರನ್ನು ಹೊಡೆದುಹಾಕಿ, ಅದರ ಮೇಲೆ ನನ್ನ ಹೆಸರು ಬರೆದೆ. ಆಮೇಲೆ ಸಹಿ ಹಾಕಿ, ಅಮ್ಮನಿಗೆ ಸಾರು ಬಡಿಸಿದೆ.