ತೆಂಬರೆಗೆ ಚಳಿ

ಟಿ.ವಿ. ಬಂದ ಮೇಲೆ ತೆಂಬರೆ ವಾದ್ಯ ಬಡಿದು ತುಳು ಪಾಡ್ದನ ಹಾಡುವವರು ಬರುವುದು ನಿಂತಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಶಿರ್ತಾಡಿಯ ನಮ್ಮ ಮನೆಯಲ್ಲಿ ಟಿ.ವಿ. ಇದ್ದಾಗಲೂ ಮಳೆಗಾಲದ ಆಟಿ ತಿಂಗಳಲ್ಲಿ ಒಬ್ಬರು ಬರುತ್ತಿದ್ದರು. ಅಂಗಳದಲ್ಲಿ ನಿಂತು, ಥಂಡಿಗೆ ಸಡಿಲಾದ ತೆಂಬರೆಯ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ, "ಇದಕ್ಕೆ ಚಳಿ ಅಮ್ಮಾ, ಕೆಂಡ ಉಂಟಾ?" ಎನ್ನುತ್ತಿದ್ದರು. ಅಜ್ಜಿ ಬಚ್ಚಲೊಲೆಯ ಕೆಂಡವನ್ನು ತೆಂಗಿನ ಗೆರಟೆಯಲ್ಲಿ ತಂದಿಡುತ್ತಿದ್ದರು. ಚರ್ಮ ಕಾದು ಬಿಗಿದ ಮೇಲೆಯೇ ಹಾಡು.

ಬಚ್ಚಲೊಲೆ ತೆಗೆಸಿದ ವರ್ಷ ಅಜ್ಜಿ, "ಕೆಂಡ ಎಲ್ಲಿಂದ ಮಾರಾಯ? ಹಾಗೇ ಹಾಡು" ಎಂದರು.

ಅವರು ಎರಡು ಪೆಟ್ಟು ಬಡಿದು ನೋಡಿದರು. "ಇದು ಬಾಯಿ ಬಿಡದೆ ನಾನು ಹೇಗೆ ಬಿಡುದು ಅಮ್ಮಾ?" ಎಂದು ನಕ್ಕು, ಹಾಡದೆ ಹೋದರು. ಮತ್ತೆ ಬರಲೇ ಇಲ್ಲ.

ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಉರಿಯುತ್ತಿತ್ತು. ಅಲ್ಲಿಗೆ ಅವರಾಗಲಿ, ಅವರ ತೆಂಬರೆಯಾಗಲಿ ಹೋಗುವ ಹಾಗಿರಲಿಲ್ಲ.

ಅಜ್ಜೀ, ಆ ದಿನ ಅವರನ್ನು ಒಳಗೆ ಕರೆದಿದ್ದರೆ ಏನಾಗ್ತಿತ್ತು?