ಫೆಬ್ರವರಿ ರಜೆಯ ಸಾಲು

೨೦೧೩ರ ಜೂನ್‌ನಲ್ಲಿ ನಾನು ನ್ಯೂಜಿಲೆಂಡಿನ ಪಾಮರ್ಸ್ಟನ್ ನಾರ್ತ್ ಊರಾಚೆಯ ಒಂದು ಮಾಂಸ ಸಂಸ್ಕರಣಾ ಕಾರ್ಖಾನೆಗೆ ಎಚ್‌ಆರ್ ಮ್ಯಾನೇಜರ್ ಆಗಿ ಸೇರಿದೆ. ಅದಕ್ಕೆ ಮೊದಲು ಆಕ್ಲೆಂಡಿನ ಹೆಂಡರ್ಸನ್‌ನಲ್ಲಿ ಒಂದು ಬೇಕರಿ ಕಂಪನಿಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಅಲ್ಲಿಯವರು ಜಗಳವಾಡಿದರೆ ಇ-ಮೇಲ್‌ನಲ್ಲಿ ಆಡುತ್ತಿದ್ದರು. ಇಲ್ಲಿ ನೂರಾರು ಜನ ದಿನವಿಡೀ ಕೈಯಲ್ಲಿ ಚೂರಿ ಹಿಡಿದು ನಿಲ್ಲುತ್ತಿದ್ದರು.

ಓದುಗರಿಗೆ ಕಾರ್ಖಾನೆಯ ಹಂಗಾಮನ್ನು ಸ್ವಲ್ಪ ವಿವರಿಸಬೇಕು. ಆ ದೇಶದಲ್ಲಿ ಡಿಸೆಂಬರ್‌ನಿಂದ ಬೇಸಿಗೆ. ಕುರಿಮರಿಗಳು ಬೆಳೆದು ಲಾರಿಗಟ್ಟಲೆ ಬರುವುದೂ ಆಗಲೇ. ಜನರಿಗೆ ಊರಿಗೆ ಹೋಗಲು, ಸಮುದ್ರತೀರಕ್ಕೆ ಹೋಗಲು ರಜೆ ಬೇಕಾಗುವುದೂ ಆಗಲೇ. ಕಾನೂನಿನ ಪ್ರಕಾರ ಪ್ರತಿಯೊಬ್ಬ ನೌಕರನಿಗೂ ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ. ಯೋಗ್ಯ ಕಾರಣವಿಲ್ಲದೆ ಮಾಲೀಕ ಅದನ್ನು ನಿರಾಕರಿಸುವಂತಿಲ್ಲ. ಆದರೆ ಹಂಗಾಮಿನಲ್ಲಿ ಯೋಗ್ಯ ಕಾರಣಕ್ಕೆ ಬರವೇ ಇರುವುದಿಲ್ಲ. ಹಾಗಾಗಿ ಬೋನಿಂಗ್ ರೂಮ್‌ನಲ್ಲಿ, ಅಂದರೆ ಮೂಳೆಯಿಂದ ಮಾಂಸ ಬಿಡಿಸುವ ವಿಭಾಗದಲ್ಲಿ, ಬೇಸಿಗೆಯ ಯಾವುದೇ ವಾರದಲ್ಲಿ ಆರು ಜನರಿಗೆ ಮಾತ್ರ ರಜೆ ಎಂಬ ನಿಯಮವಿತ್ತು. ಆ ಆರು ಜನ ಯಾರು ಎನ್ನುವುದು ಜುಲೈ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಗೇಟಿನ ಬಳಿ ತೀರ್ಮಾನವಾಗುತ್ತಿತ್ತು. ಮೊದಲು ಬಂದವರಿಗೆ ಮೊದಲು.

ನನಗಿಂತ ಹಿಂದೆ ಆ ಹುದ್ದೆಯಲ್ಲಿದ್ದವರು ಹೋಗುವಾಗ ಒಂದು ಮಾತು ಹೇಳಿದ್ದರು: "ಆ ಸೋಮವಾರ ಫಸ್ಟ್ ಏಡ್ ಪೆಟ್ಟಿಗೆ ಗೇಟಿನ ಹತ್ತಿರ ಇಟ್ಟುಕೊಳ್ಳಿ." ತಮಾಷೆ ಎಂದುಕೊಂಡೆ.

ಜುಲೈ ಅಲ್ಲಿ ಕಡುಚಳಿಗಾಲ. ಬೆಳಕು ಹರಿಯುವ ಮೊದಲೇ ಗೇಟಿನೆದುರು ನಲವತ್ತಕ್ಕೂ ಹೆಚ್ಚು ಜನ ನಿಂತಿದ್ದರು. ನೆಲದ ಮೇಲೆ ಹೆಪ್ಪುಗಟ್ಟಿದ ಇಬ್ಬನಿ, ಎಲ್ಲರ ಬಾಯಿಂದ ಹಬೆ. ಆ ಸಾಲಿನಲ್ಲಿ ನನಗೆ ಮುಖಪರಿಚಯವಿದ್ದವನು ಬಸವರಾಜ ಒಬ್ಬನೇ. ಬಾಗಲಕೋಟೆ ಕಡೆಯವನು, ಮೂವತ್ತರ ಆಸುಪಾಸು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕೃಷಿ ವಿಜ್ಞಾನ ಓದಲು ಬಂದವನು. ಓದಿದ್ದಕ್ಕೆ ತಕ್ಕ ಕೆಲಸ ಸಿಗದೆ ಈ ಕಾರ್ಖಾನೆಯಲ್ಲಿ ಡಬ್ಬ ತುಂಬುವ ಕೆಲಸಕ್ಕೆ ಸೇರಿ, ಮೂರು ವರ್ಷದಲ್ಲಿ ಚೂರಿ ಕೆಲಸಕ್ಕೆ ಬಡ್ತಿ ಪಡೆದಿದ್ದ. ಮಾಂಸ ಮುಟ್ಟದ ಮನೆತನದ ಹುಡುಗ. ನಾನೂ ಕನ್ನಡದವಳೆಂದು ತಿಳಿದ ದಿನವೇ ಬಂದು, "ಅಕ್ಕಾರ, ನಮ್ಮವ್ವಗ ನಾ ಏನ್ ಕೆಲಸಾ ಮಾಡತೀನಿ ಅಂತ ಇನ್ನೂ ಹೇಳಿಲ್ರಿ" ಎಂದು ನಕ್ಕಿದ್ದ.

ಅವನ ಹಿಂದೆ ಸಿಯೋನೆ ನಿಂತಿದ್ದ. ಟೋಂಗಾ ದ್ವೀಪದವನು, ಬಾಗಿಲು ತುಂಬುವಷ್ಟು ದೊಡ್ಡ ಆಳು, ಬೋನಿಂಗ್ ರೂಮ್‌ನಲ್ಲಿ ಬಸವರಾಜನ ಪಕ್ಕದ ಜಾಗ ಅವನದು. ಇಬ್ಬರಿಗೂ ಬೇಕಾಗಿದ್ದು ಫೆಬ್ರವರಿಯ ಅವೇ ವಾರಗಳು. ಬಸವರಾಜನಿಗೆ ಮದುವೆ ನಿಶ್ಚಯವಾಗಿತ್ತು. ಸಿಯೋನೆಯ ತಂದೆತಾಯಿಯ ದಾಂಪತ್ಯಕ್ಕೆ ಐವತ್ತು ವರ್ಷ ತುಂಬುವುದಿತ್ತು, ಎಲ್ಲೆಲ್ಲೋ ಚದುರಿದ್ದ ಅಣ್ಣತಮ್ಮಂದಿರೆಲ್ಲ ಊರಲ್ಲಿ ಸೇರುವವರಿದ್ದರು.

ಗೇಟು ತೆರೆಯುವ ಹೊತ್ತಿಗೆ ಒಂದು ಯೂಟ್, ನಮ್ಮ ಕಡೆಯ ಪಿಕಪ್ ಗಾಡಿಯಂಥದ್ದು, ಸಾಲಿನ ತಲೆಯವರೆಗೆ ನುಗ್ಗಿ ನಿಂತಿತು. ಮೂವರು ಇಳಿದು ಸಾಲಿನೊಳಗೆ ತೂರಿದರು. ಸಾಲಿನಲ್ಲಿದ್ದ ಯಾರೋ ಅವರಲ್ಲೊಬ್ಬನ ಕಾಲರ್ ಹಿಡಿದೆಳೆದರು. ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳಲು ನನ್ನಿಂದಾಗದು. ಮುಷ್ಟಿಗಳು ಮುಖಕ್ಕೆ ಬೀಳುವ ಸದ್ದು ಕೇಳಿತು, ಹಸಿ ಹಿಟ್ಟನ್ನು ಹಲಗೆಗೆ ಬಡಿದಂಥ ಸದ್ದು. ಒಬ್ಬನ ಹಣೆಯನ್ನು ಯೂಟ್‌ನ ಬಾಗಿಲಿಗೆ ಜಪ್ಪಿದರು. ಬಸವರಾಜ ಕೆಳಗೆ ಬಿದ್ದ. ಬೂಟುಗಾಲೊಂದು ಅವನ ಬಾಯಿಗೆ ಬಡಿಯಿತು. ಎದ್ದಾಗ ಮುಂದಿನ ಹಲ್ಲು ಅರ್ಧ ಮುರಿದು, ಗದ್ದದಿಂದ ರಕ್ತ ಸೋರುತ್ತಿತ್ತು. ಆದರೂ ಅವನು ತನ್ನ ಜಾಗ ಬಿಟ್ಟಿರಲಿಲ್ಲ.

ನಾನು ಸೆಕ್ಯುರಿಟಿಗೆ ಕೂಗಿದೆ. ಪಕ್ಕದಲ್ಲಿ ಬೋನಿಂಗ್ ರೂಮ್‌ನ ಸೂಪರ್‌ವೈಸರ್ ಗ್ರೆಗ್ ಚಹಾದ ಲೋಟ ಹಿಡಿದು ನಿಂತಿದ್ದ. "ಪ್ರತಿ ವರ್ಷ ಹೀಗೇ. ಸ್ವಲ್ಪ ಹೊತ್ತಿಗೆ ಅವರೇ ಸುಮ್ಮನಾಗ್ತಾರೆ" ಎಂದ.

ನಿಜಕ್ಕೂ ಸುಮ್ಮನಾದರು. ಫೆಬ್ರವರಿಯ ಆರನೆಯ ಜಾಗ ಬಸವರಾಜನಿಗೆ ಸಿಕ್ಕಿತು. ಏಳನೆಯವನಾಗಿ ನಿಂತಿದ್ದ ಸಿಯೋನೆ ಕೈಗವಸು ಹಾಕಿಕೊಂಡು ಕೆಲಸಕ್ಕೆ ಹೋದ. ಮೂರು ಜನಕ್ಕೆ ಹೊಲಿಗೆ ಬಿತ್ತು. ಈ ಪದ್ಧತಿ ನಿಲ್ಲಿಸಬೇಕೆಂದು ಅಂದೇ ಕಾರ್ಖಾನೆಯ ಮುಖ್ಯ ಮ್ಯಾನೇಜರ್ ಬಳಿ ಹೋದೆ. ಅವರು ಕೇಳಿಸಿಕೊಂಡರು. "ಬರುವ ಹಂಗಾಮು ಮುಗಿಯಲಿ, ನೋಡೋಣ" ಎಂದರು.

ಹಂಗಾಮು ಬಂತು. ಜನವರಿಯ ಕೊನೆಯಲ್ಲಿ ಯುರೋಪಿನಿಂದ ದೊಡ್ಡ ಆರ್ಡರ್ ಬಂತು. ಚೂರಿ ಹಿಡಿಯುವ ಕೈಗಳು ಸಾಲದಾದವು. ಮುಂದಿನ ವಾರ ಹೊರಡಬೇಕಿದ್ದ ಇಬ್ಬರ ರಜೆ ರದ್ದು ಮಾಡುವುದಾಗಿ ಗ್ರೆಗ್ ನನ್ನ ಕೋಣೆಗೆ ಬಂದು ಹೇಳಿದ. ಅವರಲ್ಲೊಬ್ಬ ಬಸವರಾಜ.

"ಒಪ್ಪಿಕೊಟ್ಟ ರಜೆ ಅದು. ಅವನ ಮದುವೆಗೆ. ನಾನು ಮ್ಯಾನೇಜರ್ ಹತ್ತಿರ ಮಾತಾಡುವವರೆಗೆ ಯಾರಿಗೂ ಏನೂ ಹೇಳಬೇಡ" ಎಂದೆ. ಗ್ರೆಗ್ ತಲೆಯಾಡಿಸಿದ. ನಾನು ಮ್ಯಾನೇಜರ್ ಜೊತೆ ವಾದ ಮಾಡಿ, ರಜೆ ರದ್ದು ಮಾಡುವುದಿಲ್ಲವೆಂದು ಅವರಿಂದ ಒಪ್ಪಿಗೆ ಪಡೆದು, ಅದನ್ನು ಗ್ರೆಗ್‌ಗೆ ತಿಳಿಸಲೆಂದು ಬೋನಿಂಗ್ ರೂಮ್‌ನ ಬಾಗಿಲು ತಳ್ಳಿದೆ. ಅಷ್ಟರಲ್ಲಿ ಅವನು ಹೇಳಿಬಿಟ್ಟಿದ್ದ.

ಆ ಕೋಣೆ ಫ್ರಿಜ್ಜಿನಂತೆ ತಣ್ಣಗಿರುತ್ತದೆ. ಕನ್ವೇಯರ್ ಬೆಲ್ಟಿನ ಎರಡೂ ಕಡೆ ಬಿಳಿ ಕೋಟಿನ ಜನ. ಪ್ರತಿಯೊಬ್ಬರ ಎಡಗೈಗೆ ಉಕ್ಕಿನ ಸಣ್ಣ ಬಳೆಗಳಿಂದ ಹೆಣೆದ ಕೈಗವಸು, ಸೊಂಟದಲ್ಲಿ ಎರಡು ಚೂರಿ ಮತ್ತು ಅವನ್ನು ಮಸೆಯುವ ಉಕ್ಕಿನ ಸಲಾಕೆ. ಬಸವರಾಜ ಕೆಲಸ ನಿಲ್ಲಿಸಿ, ಒಂದು ಚೂರಿ ಇನ್ನೂ ಕೈಯಲ್ಲಿರುವಂತೆಯೇ, ಗ್ರೆಗ್ ಎದುರು ನಿಂತಿದ್ದ. ಗದ್ದಲದ ನಡುವೆಯೂ ಗ್ರೆಗ್‌ನ ಮಾತು ನನಗೆ ಕೇಳಿಸಿತು.

"ಒಂದು ತಿಂಗಳು ಮುಂದೆ ಹಾಕು. ನೀನಿಲ್ಲದೆ ಮದುವೆ ಹೇಗೂ ಶುರುವಾಗಲ್ಲ. ಹುಡುಗಿಯೇನು ಓಡಿಹೋಗ್ತಾಳಾ?"

ಅಕ್ಕಪಕ್ಕದ ಇಬ್ಬರು ನಕ್ಕರು.

ಬಸವರಾಜನ ತೋಳು ಕೆಳಗಿನಿಂದ ಮೇಲಕ್ಕೆ ಬಂತು. ಕುರಿಯ ಪಕ್ಕೆಯಿಂದ ಮಾಂಸ ಬಿಡಿಸಲು ದಿನಕ್ಕೆ ನೂರಾರು ಸಲ ಮಾಡುತ್ತಿದ್ದ ಅದೇ ಚಲನೆ. ಚೂರಿ ಗ್ರೆಗ್‌ನ ಹೊಟ್ಟೆಗೆ ನೇರವಾಗಿತ್ತು. ಪಕ್ಕದಲ್ಲಿದ್ದ ಸಿಯೋನೆ ಕೈ ಚಾಚಿ ಅದನ್ನು ಹಿಡಿದ. ಎಡಗೈಯಿಂದ ಹಿಡಿದಿದ್ದರೆ ಉಕ್ಕಿನ ಗವಸು ಕಾಯುತ್ತಿತ್ತು. ಅವನು ಹಿಡಿದದ್ದು ಬಲಗೈಯಿಂದ. ಬಸವರಾಜ ಹುಚ್ಚನಂತೆ ಚೂರಿಯನ್ನು ಹಿಂದಕ್ಕೆಳೆದ. ಸಿಯೋನೆಯ ಅಂಗೈ ಈ ತುದಿಯಿಂದ ಆ ತುದಿಯವರೆಗೆ ತೆರೆದುಕೊಂಡಿತು. ಒಳಗೆ ಬಿಳಿಯ ನರಗಳು ಕಂಡವು. ಆಮೇಲೆ ರಕ್ತ ಬೆಲ್ಟಿನ ಮೇಲೆ, ತೊಳೆದಿಟ್ಟ ಮಾಂಸದ ಮೇಲೆ, ಬಸವರಾಜನ ಕೋಟಿನ ಮೇಲೆ ಚಿಮ್ಮಿತು.

ನಾನು ಗೋಡೆಯ ಮೇಲಿದ್ದ ಕೆಂಪು ಗುಂಡಿ ಒತ್ತಿದೆ. ಬೆಲ್ಟು ನಿಂತಿತು. ಬಸವರಾಜ ಬೆನ್ನನ್ನು ಕಂಬಕ್ಕೆ ಕೊಟ್ಟು, ಎರಡನೆಯ ಚೂರಿಯನ್ನೂ ಹಿರಿದು ನಿಂತಿದ್ದ. ಅವನ ಸುತ್ತ ಹದಿನೈದಿಪ್ಪತ್ತು ಜನ ಅರ್ಧಚಂದ್ರದಂತೆ ಕೂಡಿದ್ದರು. ಅವರ ಕೈಯಲ್ಲೂ ಚೂರಿಗಳಿದ್ದವು. ಒಬ್ಬ ಹೆಜ್ಜೆ ಮುಂದಿಟ್ಟಿದ್ದರೆ ಅಲ್ಲಿ ಹೆಣ ಬೀಳುತ್ತಿತ್ತು, ಒಂದೇ ಹೆಣವೆಂದು ಹೇಳಲಾರೆ.

ನಾನು ಧೈರ್ಯಸ್ಥೆಯಲ್ಲ. ಅವನಿಗೆ ಅರ್ಥವಾಗಿ ಬೇರೆ ಯಾರಿಗೂ ಅರ್ಥವಾಗದ ಮಾತು ನನ್ನಲ್ಲಿದೆ ಎಂಬುದೊಂದೇ ಹೊಳೆಯಿತು.

"ಬಸವರಾಜ, ಇಲ್ಲಿ ನೋಡು. ನನ್ನ ಮುಖ ನೋಡು."

"ಅಕ್ಕಾರ, ಆಂವ ಏನಂದಾ ಕೇಳಿದ್ರಿಲ್ಲೋ?"

"ಕೇಳಿಸ್ತು. ಎಲ್ಲಾ ಕೇಳಿಸ್ತು. ನಿನ್ನ ರಜೆ ರದ್ದಾಗಿಲ್ಲಪ್ಪಾ. ಅದನ್ನ ಹೇಳೋಕೇ ಬಂದೆ. ಚೂರಿ ಕೆಳಗೆ ಹಾಕು."

ಅವನು ನನ್ನನ್ನು ನೋಡಿದ. ನಂತರ ಸಿಯೋನೆಯ ಕೈ ನೋಡಿದ. ಅಲ್ಲಿಯವರೆಗೆ ತಾನು ಯಾರನ್ನು ಕೊಯ್ದೆನೆಂದು ಅವನಿಗೆ ತಿಳಿದೇ ಇರಲಿಲ್ಲ ಎನಿಸುತ್ತದೆ. ಎರಡೂ ಚೂರಿಗಳು ನೆಲಕ್ಕೆ ಬಿದ್ದವು.

ಅಲ್ಲಿಗೆ ಮುಗಿಯಬೇಕಿತ್ತು. ಚೂರಿ ನೆಲ ಮುಟ್ಟಿದ ಕ್ಷಣ ಗ್ರೆಗ್ ಮುನ್ನುಗ್ಗಿ ಮಸೆಯುವ ಸಲಾಕೆಯಿಂದ ಬಸವರಾಜನ ಮುಖಕ್ಕೆ ಬಾರಿಸಿದ. ದವಡೆ ಮುರಿದ ಸದ್ದು ಬಾಗಿಲಲ್ಲಿದ್ದ ನನಗೂ ಕೇಳಿಸಿತು. ಬಿದ್ದವನ ಪಕ್ಕೆಗೆ ಒದ್ದ, ಮತ್ತೆ ಒದ್ದ. ಗುಂಪು ಹುರಿದುಂಬಿಸುತ್ತಿತ್ತು. ತಡೆದವನು ಸಿಯೋನೆ. ಸೀಳಿದ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು, ಎದೆಯಿಂದಲೇ ಗ್ರೆಗ್‌ನನ್ನು ಗೋಡೆಗೆ ಒತ್ತಿ ಹಿಡಿದ.

"ಸಾಕು. ಅವನ ಕೈಯಲ್ಲಿ ಈಗ ಏನೂ ಇಲ್ಲ."

ಪೊಲೀಸರು ಬಂದರು, ಆಂಬುಲೆನ್ಸ್‌ಗಳು ಬಂದವು. ಬಸವರಾಜನ ದವಡೆಗೆ ತಂತಿ ಬಿಗಿದರು. ಪೊಲೀಸ್ ಕಾವಲಿನಲ್ಲಿದ್ದ ಆಸ್ಪತ್ರೆಯ ಹಾಸಿಗೆಯಿಂದ ಅವನು ಹಲ್ಲು ಕಚ್ಚಿಕೊಂಡೇ ಹೇಳಿದ: "ಅಕ್ಕಾರ, ಹುಡುಗಿಗಿ ನೀವ ಹೇಳ್ರಿ. ನಮ್ಮ ಮನಿಯಾವ್ರ ಸುಳ್ಳ ಹೇಳತಾರ."

ನಾನು ಫೋನ್ ಮಾಡಿದೆ. ಶಾಲಾ ಶಿಕ್ಷಕಿ ಆಕೆ, ಹೆಸರು ಸುಮಂಗಲಾ. ರಜೆ ಉಳಿದಿತ್ತೆಂಬುದೊಂದನ್ನು ಬಿಟ್ಟು ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅಳಲಿಲ್ಲ. ಕೇಳಿದ್ದು ಇಷ್ಟೇ: "ಒಮ್ಮೆ ಕೊಟ್ಟ ರಜಾ ಹೆಂಗ ತಿರುಗಿ ತಗೊಂತಾರ್ರೀ ಮೇಡಂ?" "ತಗೊಂಡಿರಲಿಲ್ಲಮ್ಮ" ಎಂದು ಹೇಳಬಹುದಿತ್ತು, ಅದು ಇನ್ನೂ ಕ್ರೂರವಾಗುತ್ತಿತ್ತು. ಆ ಮದುವೆ ನಡೆಯಲಿಲ್ಲ.

ಬಸವರಾಜ ತಪ್ಪೊಪ್ಪಿಕೊಂಡ. ಅಲ್ಲಿನ ನ್ಯಾಯಪದ್ಧತಿಯಲ್ಲಿ ತಪ್ಪೊಪ್ಪಿಕೊಂಡವನಿಗೆ ಶಿಕ್ಷೆ ವಿಧಿಸುವ ಮೊದಲು, ಇಬ್ಬರೂ ಒಪ್ಪಿದರೆ, ಪೆಟ್ಟು ತಿಂದವನ ಜೊತೆ ಮುಖಾಮುಖಿ ಕೂರಿಸಿ ಮಾತಾಡಿಸುತ್ತಾರೆ. ಬಸವರಾಜನ ಕಡೆಯಿಂದ ಯಾರೂ ಇರಲಿಲ್ಲವಾದ್ದರಿಂದ ನಾನು ಹೋಗಿ ಕೂತೆ. ಸಿಯೋನೆ ಹೆಂಡತಿಯೊಡನೆ ಬಂದಿದ್ದ. ಎರಡು ಶಸ್ತ್ರಚಿಕಿತ್ಸೆಯ ನಂತರವೂ ಅವನ ಮೂರು ಬೆರಳು ಮಡಿಸಿದಂತೆಯೇ ಉಳಿದಿದ್ದವು. ಅವನು ಕ್ಷಮಿಸುತ್ತಾನೆಂದು ಎಲ್ಲರೂ ಕಾದಿದ್ದರು.

"ನನಗೆ ಸಿಟ್ಟಿಲ್ಲ ಅಂತ ಬರೆದುಕೊಳ್ಳಬೇಡಿ" ಎಂದ ಸಿಯೋನೆ, ಮಾತುಕತೆ ನಡೆಸುತ್ತಿದ್ದ ಅಧಿಕಾರಿಗೆ. "ಸಿಟ್ಟಿದೆ. ಪ್ರತಿ ಭಾನುವಾರ ಚರ್ಚಿಗೆ ಹೋಗುವಾಗ ಮಗಳ ಜಡೆ ಹೆಣೆಯುತ್ತಿದ್ದವನು ನಾನು. ಈಗ ಆಗಲ್ಲ. ಚೂರಿ ಹಿಡಿಯೋಕೂ ಆಗಲ್ಲ." ಬಸವರಾಜನ ಕಡೆ ತಿರುಗಿದ. "ಆದರೆ ನನಗೂ ಅದೇ ವಾರಗಳು ಬೇಕಿದ್ದವು. ಸಿಗದಿದ್ದಾಗ ತಿಂಗಳುಗಟ್ಟಲೆ ನಿನ್ನ ಪಕ್ಕದಲ್ಲೇ ನಿಂತು ನಿನ್ನನ್ನು ದ್ವೇಷಿಸಿದೆ. ಹಾಗಾಗಿ ಆ ದಿನ ನಿನ್ನ ಕೈ ಯಾಕೆ ಎದ್ದಿತು ಅಂತ ನನಗೆ ಗೊತ್ತು."

ಬಸವರಾಜ ತಲೆ ತಗ್ಗಿಸಿ ಅತ್ತ. ಅವನಿಗೆ ಎರಡು ವರ್ಷ ಮೀರಿದ ಜೈಲುಶಿಕ್ಷೆಯಾಯಿತು, ಆಮೇಲೆ ದೇಶದಿಂದ ಹೊರಗೆ ಕಳಿಸಿದರು. ಬಿದ್ದವನನ್ನು ಹೊಡೆದದ್ದಕ್ಕೆ ಗ್ರೆಗ್‌ನ ಮೇಲೂ ಮೊಕದ್ದಮೆ ನಡೆಯಿತು. ಕೆಲಸ ಹೋಯಿತು.

ಮುಂದಿನ ಜುಲೈನಲ್ಲಿ ಗೇಟಿನ ಸಾಲು ಇರಲಿಲ್ಲ. ಒಂದೊಂದು ತಂಡವೂ ಕ್ಯಾಂಟೀನಿನಲ್ಲಿ ಒಟ್ಟಿಗೆ ಕೂತು ಇಡೀ ಬೇಸಿಗೆಯ ರಜೆಯನ್ನು ಹಂಚಿಕೊಂಡಿತು. ಹಿಂದಿನ ವರ್ಷ ಕೇಳಿದ ರಜೆ ಸಿಗದವರು ಮೊದಲು ಆರಿಸಿಕೊಂಡರು. ಮೊದಲ ಸಭೆಯಲ್ಲೇ ಇಬ್ಬರು ಕುರ್ಚಿ ಎತ್ತಿದರು ಎನ್ನುವುದನ್ನೂ ಹೇಳಬೇಕು. ಒಬ್ಬನ ತುಟಿ ಒಡೆಯಿತು. ಅವರನ್ನು ಬಿಡಿಸಿ ಮತ್ತೆ ಅದೇ ಮೇಜಿಗೆ ಕೂರಿಸಿದೆವು. ಸಂಜೆಯಾದರೂ ಮುಗಿಸಿಯೇ ಎದ್ದೆವು. ಒಪ್ಪಿಕೊಟ್ಟ ರಜೆಯನ್ನು ಸೂಪರ್‌ವೈಸರ್ ಮುಟ್ಟುವಂತಿಲ್ಲ ಎಂಬ ನಿಯಮಕ್ಕೆ ಮುಖ್ಯ ಮ್ಯಾನೇಜರ್ ಸಹಿ ಹಾಕಿದರು.

ಅದರ ಪರೀಕ್ಷೆ ೨೦೧೫ರ ಫೆಬ್ರವರಿಯಲ್ಲಿ ಬಂತು. ಮತ್ತೆ ದೊಡ್ಡ ಆರ್ಡರ್, ಮತ್ತೆ ಕೈಗಳ ಕೊರತೆ. ಸಹಿ ಹಾಕಿದ್ದ ಮ್ಯಾನೇಜರೇ ನನ್ನ ಕೋಣೆಗೆ ಬಂದರು. ಮರುದಿನದಿಂದ ರಜೆಯಿದ್ದ ಒಬ್ಬ ಹಿರಿಯ ಚೂರಿಗಾರನನ್ನು ಉಳಿಸಿಕೊಳ್ಳಬೇಕು ಎಂದರು.

"ಅವನಿಗೆ ಮದುವೆಯಲ್ಲ, ಸಾವಲ್ಲ. ಸಮುದ್ರದ ಹತ್ತಿರ ಅವನದೊಂದು ಬಾಚ್ ಇದೆಯಂತೆ, ರಜೆಯಲ್ಲಿ ಹೋಗಿ ಇರೋಕೆ ಒಂದು ಪುಟ್ಟ ಮನೆ. ಮೀನು ಹಿಡಿಯೋಕೆ ಹೋಗ್ತಾನಂತೆ. ಮೀನು ಮುಂದಿನ ತಿಂಗಳೂ ಇರುತ್ತೆ" ಎಂದರು.

"ಏಕೆ ಹೋಗ್ತಾನೆ ಅಂತ ನಾವು ಕೇಳೋ ಹಾಗಿಲ್ಲ. ಕೊಟ್ಟಾಗಿದೆ" ಎಂದೆ.

ಅವರು ಹೋಗಿ ಆರ್ಡರ್‌ನ ಒಂದು ಭಾಗ ತಡವಾಗುತ್ತದೆಂದು ಯುರೋಪಿಗೆ ತಿಳಿಸಿದರು.

ಆಮೇಲೂ ಹಲವು ವರ್ಷ ಆ ಕೆಲಸ ಮಾಡಿ ಈಗ ನಿವೃತ್ತಳಾಗಿದ್ದೇನೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟೆ: ರಜೆಗೆ ಕಾರಣ ತೂಗುವ ತಕ್ಕಡಿಯನ್ನು ನಾವು ಕೈಗೆತ್ತಿಕೊಂಡ ಕ್ಷಣ, ಎದುರಿಗಿರುವ ಮನುಷ್ಯ ಭಿಕ್ಷುಕನಾಗುತ್ತಾನೆ. ಭಿಕ್ಷುಕನಾಗಲು ಒಪ್ಪದವನು ಇನ್ನೇನಾಗುತ್ತಾನೆ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆ ಹಿರಿಯ ಚೂರಿಗಾರ ಮರುದಿನ ಬೆಳಿಗ್ಗೆ, ತನ್ನ ರಜೆಯ ಬಗ್ಗೆ ಹೀಗೊಂದು ಮಾತು ನಡೆದಿತ್ತೆಂಬುದೂ ಗೊತ್ತಿಲ್ಲದೆ, ಮೀನು ಹಿಡಿಯಲು ಹೋದ.